ಪಿಸ್ತೂಲಿಗೆ ಅರ್ಜಿ ಹಾಕಲು ಹೊರಟವರಿಗೆ

ಕಡೂರು, ತರೀಕೆರೆ, ಅಜ್ಜಂಪುರ ತಾಲ್ಲೂಕುಗಳ ತೋಟದ ಮನೆಗಳಲ್ಲಿದ್ದು ಪಿಸ್ತೂಲಿನ ಲೈಸೆನ್ಸಿಗೆ ಅರ್ಜಿ ಹಾಕಬೇಕೆಂದಿರುವ ಗೆಳೆಯರೇ,

ರಾಶಿ ಅಡಿಕೆ ಕ್ವಿಂಟಲಿಗೆ ಐವತ್ತು ಸಾವಿರ ಮುಟ್ಟಿದ ಮೇಲೆ ನಮ್ಮ ಕಡೆಯ ಮಾತುಕತೆಗೆ ಹೊಸದೊಂದು ವಿಷಯ ಸೇರಿಕೊಂಡಿದೆ. ಮಂಡಿಯ ಜಗಲಿಯಲ್ಲಿ, ಗೃಹಪ್ರವೇಶದ ಪಂಕ್ತಿಯಲ್ಲಿ, ಬೋರ್‌ವೆಲ್ ಲಾರಿ ಕಾಯುತ್ತಾ ಕೂತಾಗ ಯಾರಾದರೊಬ್ಬರು ಪಕ್ಕಕ್ಕೆ ಸರಿದು ಕೇಳುತ್ತಾರೆ: "ಅಣ್ಣ, ಸೊಂಟದಲ್ಲಿ ಕಾಣದ ಹಾಗೆ ಇಟ್ಕೊಳ್ಳೋಕೂ ಆಗಬೇಕು, ಭಾನುವಾರ ಗುರಿ ಹೊಡೆದು ಕೈ ಪಳಗಿಸೋಕೂ ಆಗಬೇಕು. ಅಂಥ ಸಣ್ಣ ಪಿಸ್ತೂಲು ಯಾವುದು?" ಒಬ್ಬೊಬ್ಬರಿಗೂ ಬಾಯಲ್ಲಿ ಹೇಳಿದ ಉತ್ತರವನ್ನು ಎಲ್ಲರಿಗೂ ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ. ಆ ಎರಡೂ ಕೆಲಸಕ್ಕೆ ಒದಗುವ ಪಿಸ್ತೂಲು ಇಲ್ಲ. ಒಂದಕ್ಕೆ ಹೇಳಿಸಿದ್ದು ಇನ್ನೊಂದಕ್ಕೆ ಬರುವುದಿಲ್ಲ. ನಿಮ್ಮಲ್ಲಿ ಹೆಚ್ಚಿನವರಿಗೆ ಬೇಕಾಗಿರುವುದು ಎರಡನೆಯದು, ಅಂದರೆ ಗುರಿ. ಮೊದಲನೆಯದಕ್ಕೆ ನೀವು ಕೊಡುವ ಕಾರಣಗಳು ಒರೆಗೆ ಹಚ್ಚಿದರೆ ನಿಲ್ಲುವುದಿಲ್ಲ.

ಆಯುಧವೇ ಬೇಡ ಎಂದು ಉಪದೇಶ ಮಾಡುವವನು ನಾನಲ್ಲ. ಅಜ್ಜನ ಕೇಪಿನ ಕೋವಿಗೂ ಅಪ್ಪನ ಜೋಡುನಳಿಗೆಗೂ ಎಣ್ಣೆ ಹಚ್ಚಿ ಒರೆಸುತ್ತಾ ಬೆಳೆದವನು. ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾಗ ಏರ್ ಪಿಸ್ತೂಲು ಹಿಡಿಯುವುದನ್ನು ಕಲಿತೆ, ಈಗಲೂ ಬಿಟ್ಟಿಲ್ಲ. ನೆಂಟರೊಬ್ಬರ .32 ರಿವಾಲ್ವರನ್ನು ಅವರ ಎದುರಿನಲ್ಲೇ ಕೈಯಲ್ಲಿ ಹಿಡಿದು ನೋಡಿದ್ದೇನೆ. ಹೀಗಾಗಿ ಎರಡರ ಗುಣವೂ ಅಷ್ಟಿಷ್ಟು ಗೊತ್ತು.

ಕಾನೂನಿನಿಂದಲೇ ಶುರು ಮಾಡೋಣ. ನಾವು ಕೊಡಗಿನವರಲ್ಲ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಲೈಸೆನ್ಸಿನಿಂದ ಇರುವ ವಿನಾಯಿತಿಯನ್ನು ಕೇಂದ್ರ ಸರ್ಕಾರ 2029ರ ಅಕ್ಟೋಬರ್ ಕೊನೆಯವರೆಗೆ ಮುಂದುವರಿಸಿದೆ, ನಮ್ಮ ಹೈಕೋರ್ಟು 2021ರಲ್ಲಿ ಅದನ್ನು ಎತ್ತಿಹಿಡಿದಿದೆ. ಚಿಕ್ಕಮಗಳೂರು ಜಿಲ್ಲೆಯ ನಮಗೆ 1959ರ ಶಸ್ತ್ರಾಸ್ತ್ರ ಕಾಯ್ದೆಯೇ ಗತಿ. ಅದರ 13ನೇ ಕಲಮನ್ನು ಒಮ್ಮೆ ಓದಿ. 20 ಅಂಗುಲಕ್ಕೆ ಕಡಿಮೆಯಿಲ್ಲದ ನಳಿಗೆಯ ಕೋವಿಯನ್ನು ರಕ್ಷಣೆಗೋ ಕ್ರೀಡೆಗೋ ಕೇಳಿದರೆ, ಬೆಳೆ ಕಾಯಲು ಮದ್ದು ತುಂಬುವ ಕೋವಿ ಕೇಳಿದರೆ, ಬೇರೆ ಅಡ್ಡಿಯಿಲ್ಲದ ಪಕ್ಷದಲ್ಲಿ ಲೈಸೆನ್ಸ್ ಕೊಡಬೇಕು ಎನ್ನುತ್ತದೆ ಅದು. ಮಾನ್ಯತೆ ಪಡೆದ ರೈಫಲ್ ಕ್ಲಬ್ಬಿನ ಸದಸ್ಯ ಗುರಿ ಅಭ್ಯಾಸಕ್ಕೆ .22 ರೈಫಲು ಕೇಳಿದರೂ ಹಾಗೆಯೇ. ಪಿಸ್ತೂಲು, ರಿವಾಲ್ವರುಗಳಿಗೆ ಆ ದಾಕ್ಷಿಣ್ಯವಿಲ್ಲ. ಅವನ್ನು ಕೇಳುವವನಿಗೆ ತಕ್ಕ ಕಾರಣವಿದೆ ಎಂದು ಅಧಿಕಾರಿಗೆ ಮನವರಿಕೆಯಾಗಬೇಕು. ಬೆಳೆ, ಗುರಿ, ಮೈಗಾವಲು ಇವು ಮೂರೂ ಬೇರೆ ಬೇರೆ ಎಂದು ಅರವತ್ತು ವರ್ಷಕ್ಕೂ ಹಿಂದೆ ಕಾಯ್ದೆ ಬರೆದವರಿಗೆ ತಿಳಿದಿತ್ತು. ನಾವು ಮೂರನ್ನೂ ಒಂದೇ ಸೊಂಟಪಟ್ಟಿಗೆ ಸಿಕ್ಕಿಸಲು ಹೊರಟಿದ್ದೇವೆ.

2019ರ ತಿದ್ದುಪಡಿ ಇನ್ನೊಂದು ಗಂಟು ಹಾಕಿದೆ. ಒಬ್ಬರ ಹೆಸರಿನಲ್ಲಿ ಮೂರು ಆಯುಧ ಇರಬಹುದಾಗಿದ್ದದ್ದು ಈಗ ಎರಡಕ್ಕೆ ಇಳಿದಿದೆ, ಪಿತ್ರಾರ್ಜಿತವಾಗಿ ಬಂದದ್ದೂ ಆ ಲೆಕ್ಕದಲ್ಲೇ ಸೇರುತ್ತದೆ. ಅಜ್ಜನದು, ಅಪ್ಪನದು ಎರಡೂ ಕೋವಿ ನಿಮ್ಮ ಹೆಸರಿಗೆ ಬಂದಿದ್ದರೆ ಪಿಸ್ತೂಲಿಗೆ ಜಾಗವೇ ಇಲ್ಲ. ಒಂದನ್ನು ಬಿಟ್ಟುಕೊಡಬೇಕು. ಹಂದಿ ಬಂದ ರಾತ್ರಿ ಈಡು ಹಾರಿಸಿ ಬೆದರಿಸುತ್ತಿದ್ದ ಕೋವಿಯನ್ನು ಕೊಟ್ಟು ಅಂಗೈಯಗಲದ ಪಿಸ್ತೂಲು ತಂದರೆ ಲಾಭ ಹಂದಿಗೇ.

ಈಗ ಕಾರಣಗಳನ್ನು ನೋಡೋಣ. ಎಲ್ಲರೂ ಮೊದಲು ಹೇಳುವುದು ಚಿರತೆ. ಕಡೂರಿನ ಕುರುಚಲು ಗುಡ್ಡಗಳ ಬುಡದಲ್ಲಿ, ತರೀಕೆರೆಯ ಭದ್ರಾ ಕಾಡಿನ ಅಂಚಿನಲ್ಲಿ ಇರುವವರ ಭಯ ಸುಳ್ಳಲ್ಲ. ರಾತ್ರಿ ಕರೆಂಟು ಬಂದಾಗ ಮೋಟಾರು ಹಾಕಲು ಒಬ್ಬನೇ ಹೋಗುವವನ ಎದೆಬಡಿತ ನನಗೂ ಗೊತ್ತು. ಆದರೆ ನಮಗೆ ಸಿಗಬಹುದಾದ .32 ಗುಂಡಿನ ಶಕ್ತಿ ಸುಮಾರು 170ರಿಂದ 200 ಜೂಲ್. ಹನ್ನೆರಡು ಬೋರಿನ ಒಂದು ಈಡು ಎರಡು ಸಾವಿರ ಜೂಲ್ ದಾಟುತ್ತದೆ. ನಮ್ಮ ಎಮ್ಮೆದೊಡ್ಡಿಯ ನರಭಕ್ಷಕನ ಕಥೆ ಬರೆದ ಕೆನೆತ್ ಆಂಡರ್ಸನ್ ನೆಚ್ಚಿಕೊಂಡಿದ್ದದ್ದು .405 ವಿಂಚೆಸ್ಟರ್ ರೈಫಲನ್ನು. ಸಣ್ಣ ಗುಂಡು ತಗುಲಿದ ಚಿರತೆ ಬಿದ್ದು ಸಾಯುವುದಿಲ್ಲ. ಗಾಯಗೊಂಡು ಪೊದೆ ಸೇರುತ್ತದೆ, ಮರುದಿನ ಹುಲ್ಲು ಕೊಯ್ಯಲು ಹೋದ ಯಾರದೋ ಮೇಲೆ ಎರಗುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯು ಪ್ರಾಣ ಉಳಿಸಿಕೊಳ್ಳಲು ಸದುದ್ದೇಶದಿಂದ ಕೊಂದವನನ್ನು ಅಪರಾಧಿ ಎನ್ನುವುದಿಲ್ಲ, ನಿಜ. ಬೇಲಿಯಾಚೆ ಕಣ್ಣು ಹೊಳೆಯಿತೆಂದು ಹೊಡೆದವನಿಗೆ ಆ ರಕ್ಷಣೆ ಇಲ್ಲ. ಆನೆಯ ವಿಚಾರಕ್ಕಂತೂ ನಾನು ಹೋಗುವುದೇ ಇಲ್ಲ.

ಎರಡನೆಯ ಕಾರಣ ಅಡಿಕೆ ಕಳ್ಳರು. ಇಲ್ಲಿ ಸ್ವಲ್ಪ ನಿಂತು ಯೋಚಿಸಿ ಎಂದು ಕೇಳಿಕೊಳ್ಳುತ್ತೇನೆ, ಯಾಕೆಂದರೆ ಜೈಲಿಗೆ ಹೋಗುವ ದಾರಿ ಇರುವುದು ಇಲ್ಲೇ. ಕಣದಿಂದ ಚೀಲ ಹೊತ್ತು ಓಡುತ್ತಿರುವವನ ಬೆನ್ನಿಗೆ ಗುಂಡು ಹೊಡೆಯುವ ಹಕ್ಕು ನಿಮಗೆ ಇಲ್ಲ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 41ನೇ ಕಲಮು ಸ್ವತ್ತಿನ ರಕ್ಷಣೆಗಾಗಿ ಪ್ರಾಣ ತೆಗೆಯುವಷ್ಟು ದೂರ ಹೋಗಬಹುದಾದ ಸಂದರ್ಭಗಳನ್ನು ಎಣಿಸಿ ಹೇಳುತ್ತದೆ: ದರೋಡೆ, ಸೂರ್ಯ ಮುಳುಗಿದ ಮೇಲೆ ಮನೆ ಒಡೆದು ನುಗ್ಗುವುದು, ವಾಸದ ಮನೆಗೋ ಸರಕಿಟ್ಟ ಕಟ್ಟಡಕ್ಕೋ ಬೆಂಕಿ ಹಚ್ಚುವುದು. ಬರೀ ಕಳ್ಳತನವಾದರೆ, ತಡೆಯದಿದ್ದರೆ ಸಾವೋ ಭಾರಿ ಗಾಯವೋ ಆದೀತೆಂಬ ನ್ಯಾಯವಾದ ಭಯ ಇರಬೇಕು. ಓಡುವವನಿಂದ ಯಾವ ಭಯ? ಅಡಿಕೆಯ ಬೆಲೆ ನ್ಯಾಯಾಧೀಶರ ಮುಂದೆ ಲೆಕ್ಕಕ್ಕೆ ಬರುವುದಿಲ್ಲ. ಕತ್ತಲಲ್ಲಿ ಬಂದವನು ಕಳ್ಳನೇ ಎಂದು ನಿಮಗೆ ಹೇಗೆ ಗೊತ್ತು ಎಂಬುದು ಇನ್ನೊಂದು ಪ್ರಶ್ನೆ. ನೀರು ತಿರುಗಿಸಲು ಬಂದ ಪಕ್ಕದ ತೋಟದವನೂ ಹಾಗೆಯೇ ಟಾರ್ಚು ಆರಿಸಿಕೊಂಡು ಬರುತ್ತಾನೆ.

ನಮ್ಮ ಕೇರಿಯಲ್ಲಿ ನಾವು ಮಾಡಿಕೊಂಡಿರುವುದು ಇಷ್ಟು: ಕಣಕ್ಕೆ ಪ್ರಖರವಾದ ದೀಪ, ಎರಡು ಕ್ಯಾಮೆರಾ, ಒಣಗಿದ ಅಡಿಕೆಯನ್ನು ಕಣದಲ್ಲಿ ಉಳಿಸದಿರುವುದು, ಸುಗ್ಗಿಯಲ್ಲಿ ನಾಲ್ಕು ಮನೆಯವರು ಸರದಿಯ ಮೇಲೆ ಮಲಗುವುದು. ಕೇಳಲು ಸಪ್ಪೆ. ಪಿಸ್ತೂಲಿನ ಬೆಲೆಯಲ್ಲಿ ಇವೆಲ್ಲ ಮುಗಿದು ದುಡ್ಡು ಮಿಗುತ್ತದೆ.

ಮೂರನೆಯ ಕಾರಣವನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಸೊಂಟದಲ್ಲಿ ಇದೆ ಎಂಬುದು ನಾಲ್ಕು ಜನಕ್ಕೆ ಗೊತ್ತಿದ್ದರೆ ಒಂದು ತೂಕ. ಬೀರೂರಿನ ಕಡೆಯ ಒಂದು ಮದುವೆಯಲ್ಲಿ ದಿಬ್ಬಣದ ಎದುರಿಗೆ ಒಬ್ಬರು ಆಕಾಶಕ್ಕೆ ಎರಡು ಗುಂಡು ಹಾರಿಸಿದ್ದನ್ನು ನಾನು ಕಣ್ಣಾರೆ ಕಂಡೆ. ಶಾಮಿಯಾನದ ಬಟ್ಟೆ ತೂತಾಯಿತು, ಜನ ನಕ್ಕರು. ಮೇಲೆ ಹೋದದ್ದು ಎಲ್ಲಿ ಇಳಿಯಿತು ಎಂದು ಕೇಳಿದವರಿಲ್ಲ. 2019ರ ತಿದ್ದುಪಡಿಯ ಪ್ರಕಾರ ಹೀಗೆ ಸಂಭ್ರಮಕ್ಕೆ ಗುಂಡು ಹಾರಿಸಿ ಇತರರ ಜೀವಕ್ಕೆ ಅಪಾಯ ತಂದರೆ ಎರಡು ವರ್ಷದವರೆಗೆ ಸೆರೆ, ಇಲ್ಲವೇ ಒಂದು ಲಕ್ಷದವರೆಗೆ ದಂಡ, ಇಲ್ಲವೇ ಎರಡೂ.

ಸೊಂಟಕ್ಕೆ ಕಟ್ಟಿಕೊಂಡವನಿಗೆ ಜಗಳ ಆಡುವ ಸ್ವಾತಂತ್ರ್ಯ ಅಂದೇ ಮುಗಿಯಿತು. ಗದ್ದೆಯ ಬದುವಿನ ತಕರಾರಿಗೆ ಅವನು ದನಿ ಏರಿಸುವಂತಿಲ್ಲ, ಬಸ್ಸಿನಲ್ಲಿ ಸೀಟಿಗೆ ಕಿತ್ತಾಡುವಂತಿಲ್ಲ, ಒಂದು ಗುಟುಕೂ ಕುಡಿಯುವಂತಿಲ್ಲ. ಹೊರಗೆ ಒಯ್ಯುವಾಗ ಅದು ಪೂರ್ತಿ ಮುಚ್ಚಿದ ಹೋಲ್‌ಸ್ಟರಿನಲ್ಲೋ ಚೀಲದಲ್ಲೋ ಇರಬೇಕು, ತನ್ನ ಹತೋಟಿಯಲ್ಲೇ ಇರಬೇಕು ಎಂದು 2016ರ ನಿಯಮಗಳು ಹೇಳುತ್ತವೆ. ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಇಟ್ಟು ಹೋಟೆಲಿಗೆ ಇಳಿದರೆ ಹತೋಟಿ ತಪ್ಪಿತು. ಪಂಚೆ ಎತ್ತಿಕಟ್ಟಿ ತೋಟಕ್ಕೆ ಇಳಿಯುವ ನಾವು ಅದನ್ನು ಎಲ್ಲಿ ಕಟ್ಟಿಕೊಳ್ಳುವುದು ಎಂಬುದೂ ನನಗೆ ಬಗೆಹರಿದಿಲ್ಲ. ಬೆವರಿಗೂ ತೋಟದ ತೇವಕ್ಕೂ ಉಕ್ಕು ತುಕ್ಕು ಹಿಡಿಯುವುದು ಬೇರೆ.

ಇಷ್ಟಾಗಿಯೂ ನಿಮ್ಮಲ್ಲಿ ಕೆಲವರಿಗೆ ನಿಜವಾದ ಕಾರಣ ಇರಬಹುದು. ದೊಡ್ಡ ಮೊತ್ತದ ನಗದು ಸಾಗಿಸುವ ವ್ಯಾಪಾರ ಇರಬಹುದು, ಪೊಲೀಸರಿಗೆ ದೂರು ಕೊಟ್ಟು ದಾಖಲಾದ ಜೀವಬೆದರಿಕೆ ಇರಬಹುದು. ಅಂಥವರಿಗೆ ನನಗೆ ತಿಳಿದಷ್ಟು ಹೇಳುತ್ತೇನೆ.

ಸಿನಿಮಾದಲ್ಲಿ ಕಂಡ 9 ಮಿ.ಮೀ. ಪಿಸ್ತೂಲನ್ನು ಮರೆತುಬಿಡಿ. ಅದು ನಿಷೇಧಿತ ಬೋರು, ಜಿಲ್ಲಾಧಿಕಾರಿಗಳು ಕೊಡುವಂಥದಲ್ಲ. ನಮ್ಮ ಪಾಲಿಗೆ ಇರುವುದು ಬಹುಮಟ್ಟಿಗೆ .32. ಕಾನ್ಪುರದ ಸರ್ಕಾರಿ ಕಾರ್ಖಾನೆ 2014ರಲ್ಲಿ ಹೆಂಗಸರಿಗೆಂದು ಹೇಳಿ ಅರ್ಧ ಕೆ.ಜಿ. ತೂಕದ 'ನಿರ್ಭೀಕ್' ರಿವಾಲ್ವರ್ ತಂದಿತು, ಆಗಲೇ ಅದರ ಬೆಲೆ 1.22 ಲಕ್ಷ. 2023ರಲ್ಲಿ ಬಂದ 'ಪ್ರಬಲ್' ಸುಮಾರು 700 ಗ್ರಾಂ, ಅದರ ಗುಂಡಿನ ಉರುಳೆ ಪಕ್ಕಕ್ಕೆ ತೆರೆದುಕೊಳ್ಳುತ್ತದೆ. ಹಳೆಯ ಮಾದರಿಗಳಲ್ಲಿ ನಳಿಗೆಯನ್ನೇ ಮುರಿದು ಬಗ್ಗಿಸಬೇಕಿತ್ತು. ಅರೆಸ್ವಯಂಚಾಲಿತ ಬೇಕೆಂದವರಿಗೆ 'ಅಶನಿ' ಪಿಸ್ತೂಲು ಇದೆ. ಹಗುರವಾದದ್ದೇ ಒಳ್ಳೆಯದು ಎಂದುಕೊಳ್ಳಬೇಡಿ. ಹಗುರವಾದಷ್ಟೂ ಒದೆತ ಜಾಸ್ತಿ, ಎರಡನೆಯ ಗುಂಡು ಎಲ್ಲಿಗೋ ಹೋಗುತ್ತದೆ. ಹಿಡಿಕೆಯಲ್ಲಿ ನಿಮ್ಮ ಕಿರುಬೆರಳಿಗೆ ಜಾಗವಿದೆಯೇ ನೋಡಿ, ತೋರುಬೆರಳ ಮೊದಲ ಗಿಣ್ಣು ಟ್ರಿಗರನ್ನು ಆರಾಮವಾಗಿ ಮುಟ್ಟುತ್ತದೆಯೇ ನೋಡಿ. ಪಿಸ್ತೂಲು ಅಂಗಿಯ ಕೆಳಗೆ ಚಪ್ಪಟೆಯಾಗಿ ಕೂರುತ್ತದೆ, ಸರಿ. ಆದರೆ ಮ್ಯಾಗಜಿನ್ ತೆಗೆದಿಟ್ಟ ಮೇಲೂ ನಳಿಗೆಯಲ್ಲಿ ಒಂದು ತೋಟಾ ಉಳಿದಿರಬಹುದು. ಖಾಲಿ ಎಂದುಕೊಂಡ ಪಿಸ್ತೂಲಿನಿಂದ ಮನೆಯವರೇ ಸತ್ತಿರುವುದು ಬಹಳ ಸಲ ಹೀಗೆ. ರಿವಾಲ್ವರಿನಲ್ಲಿ ಉರುಳೆ ತೆರೆದರೆ ಎಲ್ಲ ಕಣ್ಣಿಗೆ ಕಾಣುತ್ತದೆ, ಒಂದು ತೋಟಾ ಹುಸಿಯಾದರೆ ಮತ್ತೊಮ್ಮೆ ಟ್ರಿಗರ್ ಎಳೆದರಾಯಿತು. ಹೊಸಬರಿಗೆ ರಿವಾಲ್ವರೇ ಮೇಲು ಎಂಬುದು ನನ್ನ ಅಭಿಪ್ರಾಯ. ಕೊಳ್ಳುವ ಮುನ್ನ ಸುರಕ್ಷತಾ ತರಬೇತಿಯ ಪ್ರಮಾಣಪತ್ರವೂ ವೈದ್ಯರ ಪ್ರಮಾಣಪತ್ರವೂ ಬೇಕು. ಅವನ್ನು ಬರೀ ಕಾಗದ ಎಂದು ತಿಳಿದು ಯಾರದೋ ಕೈಬೆಚ್ಚಗೆ ಮಾಡಿ ತರಬೇಡಿ. ಜಿಲ್ಲಾ ಪೊಲೀಸರು ಆಗಾಗ ನಡೆಸುವ ನಾಗರಿಕ ಬಂದೂಕು ತರಬೇತಿ ಶಿಬಿರಕ್ಕೆ ಹೋಗಿ ಪೂರ್ತಿ ಕೂತು ಬನ್ನಿ.

ಲೈಸೆನ್ಸು ತಡವಾಯಿತೆಂದು ಉತ್ತರದ ಕಡೆಯಿಂದ ಬರುವ ನಾಡಪಿಸ್ತೂಲಿಗೆ ಕೈಹಾಕುವ ಯೋಚನೆ ಯಾರಿಗಾದರೂ ಇದ್ದರೆ, ಲೈಸೆನ್ಸಿಲ್ಲದೆ ಇಟ್ಟುಕೊಂಡದ್ದಕ್ಕೇ ಎರಡರಿಂದ ಐದು ವರ್ಷ ಸೆರೆ. ಆ ಮಾತು ಅಷ್ಟಕ್ಕೇ ಸಾಕು.

ಇಂಥ ಸಣ್ಣ ಪಿಸ್ತೂಲಿನಿಂದ ಗುರಿ ಅಭ್ಯಾಸ ಯಾಕೆ ಆಗುವುದಿಲ್ಲ ಎಂದರೆ, ಲೆಕ್ಕ ಸರಳ. ಅದರ ಹಿಂದಿನ ನೋಟಕ್ಕೂ ಮುಂದಿನ ನೋಟಕ್ಕೂ ನಡುವೆ ಸುಮಾರು 10 ಸೆಂ.ಮೀ. ಅಂತರ. ಅಲ್ಲಿ ಒಂದು ಮಿಲಿಮೀಟರ್ ತಪ್ಪಿದರೆ 10 ಮೀಟರ್ ದೂರದಲ್ಲಿ ಗುಂಡು 10 ಸೆಂ.ಮೀ. ತಪ್ಪುತ್ತದೆ. ಸ್ಪರ್ಧೆಯ ಏರ್ ಪಿಸ್ತೂಲಿನಲ್ಲಿ ಆ ಅಂತರ 30 ಸೆಂ.ಮೀ.ಗೂ ಹೆಚ್ಚು, ಅದೇ ತಪ್ಪು ಮೂರು ಸೆಂ.ಮೀ.ಗೆ ಇಳಿಯುತ್ತದೆ. ರಿವಾಲ್ವರಿನ ಕುದುರೆ ಎತ್ತದೆ ಟ್ರಿಗರ್ ಎಳೆಯಲು ನಾಲ್ಕೈದು ಕೆ.ಜಿ. ಬಲ ಬೇಕು, ಅಷ್ಟರಲ್ಲಿ ಕೈ ಅಲುಗಿರುತ್ತದೆ. ಏರ್ ಪಿಸ್ತೂಲಿಗೆ ನಿಯಮವೇ ಕನಿಷ್ಠ 500 ಗ್ರಾಂ. ತೋಟಾದ ಲೆಕ್ಕ ಬೇರೆ. ಒಂದು ಸಲಕ್ಕೆ ಎಷ್ಟು, ವರ್ಷಕ್ಕೆ ಎಷ್ಟು ಎಂದು ಲೈಸೆನ್ಸ್ ಪುಸ್ತಕದಲ್ಲೇ ಬರೆದಿರುತ್ತಾರೆ. ಏರ್ ಪಿಸ್ತೂಲಿನ ಒಂದೇ ಸ್ಪರ್ಧೆಗೆ 60 ಗುರಿ, ಅದರ ಹಿಂದಿನ ಅಭ್ಯಾಸ ಸಾವಿರಗಟ್ಟಲೆ. ಇನ್ನು ತೋಟದಲ್ಲಿ ತೆಂಗಿನ ಚಿಪ್ಪು ಕಟ್ಟಿ .32ರಲ್ಲಿ ಹೊಡೆಯುವವರಿಗೆ ಒಂದು ಮಾತು: ಆ ಗುಂಡು ತಪ್ಪಿದರೆ ಒಂದು ಕಿಲೋಮೀಟರಿಗೂ ಆಚೆ ಹೋಗಬಲ್ಲದು. ಆಚೆ ಯಾರ ಮನೆ ಇದೆ?

ಗುರಿಯ ರುಚಿ ಬೇಕಿದ್ದರೆ ಏರ್ ಪಿಸ್ತೂಲು ಹಿಡಿಯಿರಿ. 4.5 ಮಿ.ಮೀ. ಬೋರಿನ, 20 ಜೂಲ್‌ಗಿಂತ ಕಡಿಮೆ ಶಕ್ತಿಯದಕ್ಕೆ ಲೈಸೆನ್ಸ್ ಬೇಕಿಲ್ಲ. ಸ್ಪರ್ಧೆಯ ಪಿಸ್ತೂಲಿನ ಶಕ್ತಿ ಆರು ಜೂಲ್ ಆಸುಪಾಸು. ಹತ್ತು ಅಂಕದ ವೃತ್ತ 11.5 ಮಿ.ಮೀ. ಅಗಲ, ಒಂದು ಅವರೆಕಾಳಿನಷ್ಟು. ಹತ್ತು ಮೀಟರ್ ದೂರದಿಂದ ಒಂದೇ ಕೈ ಚಾಚಿ ಅದಕ್ಕೆ ಹೊಡೆಯಬೇಕು. ಮೊದಲ ವಾರ ಬಿಳಿ ಕಾಗದಕ್ಕೆ ತಾಗಿದರೆ ಹೆಚ್ಚು. ಆಮೇಲೆ ಉಸಿರು, ನಿಲುವು, ಬೆರಳು ಒಂದೊಂದಾಗಿ ಮಾತು ಕೇಳತೊಡಗುತ್ತವೆ. ಬೆಂಗಳೂರಿನ ಪಿ.ಎನ್. ಪ್ರಕಾಶ್ 2013ರಲ್ಲಿ ಮುಖದ ಪಾರ್ಶ್ವವಾಯುವಿಗೆ ಒಳಗಾಗಿ, ಮರುವರ್ಷವೇ ಗ್ಲಾಸ್ಗೊ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ 10 ಮೀಟರ್ ಏರ್ ಪಿಸ್ತೂಲಿನಲ್ಲಿ ಬೆಳ್ಳಿ ಗೆದ್ದರು. ಅದೇ ಊರಿನ ಟಿ.ಎಸ್. ದಿವ್ಯಾ 2023ರಲ್ಲಿ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದ ಮಿಶ್ರ ತಂಡದಲ್ಲಿ ಸರಬ್ಜೋತ್ ಸಿಂಗ್ ಜೊತೆ ಬೆಳ್ಳಿ ತಂದರು. 2024ರ ಪ್ಯಾರಿಸ್‌ನಲ್ಲಿ ಮನು ಭಾಕರ್ ಎರಡು ಕಂಚು ಗೆದ್ದಿದ್ದೂ ಈ ಹತ್ತು ಮೀಟರಿನಲ್ಲೇ. ಆದರೆ ಇದೂ ಆಟಿಕೆಯಲ್ಲ, ಕಣ್ಣಿಗೆ ತಗುಲಿದರೆ ಕಣ್ಣು ಹೋಗುತ್ತದೆ. ಲೈಸೆನ್ಸ್ ಬೇಡ ಎಂದು ನವಿಲಿಗೋ ಬೆಳ್ಳಕ್ಕಿಗೋ ಗುರಿಯಿಟ್ಟರೆ ಅರಣ್ಯ ಇಲಾಖೆಯ ಕೇಸು ಖಂಡಿತ.

ಈಗಾಗಲೇ ಮನೆಯಲ್ಲಿ ಕೋವಿಯೋ ರಿವಾಲ್ವರೋ ಇಟ್ಟುಕೊಂಡವರಲ್ಲೂ ಒಂದು ಬೇಡಿಕೆ ಇದೆ. ಬೀರುವಿನ ಸೀರೆಗಳ ಅಡಿಯಲ್ಲಿ ಇಡುವ ಅಭ್ಯಾಸ ಬಿಡಿ. ನಾನು ಉಳಿದುಕೊಂಡಿದ್ದ ಒಂದು ಮನೆಯಲ್ಲಿ ಬಳಪ ಹುಡುಕುತ್ತಿದ್ದ ಮಗು ಅದನ್ನು ಎತ್ತಿಕೊಂಡು ಹಜಾರಕ್ಕೆ ಬಂತು. ತೋಟಾ ಬೇರೆ ಕಡೆ ಇದ್ದದ್ದರಿಂದ ಆ ಮನೆ ಇಂದು ನಗುತ್ತಿದೆ. ಗೋಡೆಗೆ ಬಿಗಿದ ಉಕ್ಕಿನ ಪೆಟ್ಟಿಗೆ, ಬೀಗ, ತೋಟಾಗಳಿಗೆ ಇನ್ನೊಂದು ಪೆಟ್ಟಿಗೆ, ಕೀಲಿ ಒಬ್ಬರ ಬಳಿ ಮಾತ್ರ.

ಇನ್ನೊಂದು ಮಾತನ್ನು ಮೆಲ್ಲನೆ ಹೇಳುತ್ತೇನೆ. ಕೊಳವೆಬಾವಿ ಬತ್ತಿ, ತೆಂಗು ಒಣಗಿ, ಸಾಲದ ನೋಟಿಸು ಬಂದ ಮನೆಗಳು ನಮ್ಮ ಬಯಲುಸೀಮೆಯ ಹೋಬಳಿಗಳಲ್ಲಿ ಕಡಿಮೆಯಿಲ್ಲ. ಮನೆಯಲ್ಲಿ ಯಾರಾದರೂ ಮಾತು ಬಿಟ್ಟು, ಊಟ ಬಿಟ್ಟು ಕೂತಿದ್ದರೆ ಆಯುಧವನ್ನು ಅಂದೇ ಮನೆಯಿಂದ ಹೊರಗೆ ಹಾಕಿ. ಠಾಣೆಯಲ್ಲೋ ಲೈಸೆನ್ಸ್ ಇರುವ ಅಂಗಡಿಯಲ್ಲೋ ಠೇವಣಿ ಇಟ್ಟು ರಸೀತಿ ತನ್ನಿ. ಚುನಾವಣೆ ಬಂದಾಗ ಒಪ್ಪಿಸುತ್ತೇವಲ್ಲ, ಹಾಗೆಯೇ. ಮಾನಸಿಕ ನೆರವಿಗೆ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡುತ್ತಾರೆ, ಖರ್ಚಿಲ್ಲ.

ಕೊನೆಯ ಕೋರಿಕೆ. ಹತ್ತು ಮೀಟರಿನ ರೇಂಜಿಗೆ ಬೇಕಾಗಿರುವುದು ಉದ್ದನೆಯ ಒಂದು ಕೋಣೆ, ತಡೆಗೋಡೆ, ಒಳ್ಳೆಯ ಬೆಳಕು ಮತ್ತು ಕಲಿಸಬಲ್ಲ ಒಬ್ಬರು. ಬಳಸದೆ ಬಿದ್ದಿರುವ ಗೋದಾಮು ಮೂರು ತಾಲ್ಲೂಕಿನಲ್ಲೂ ಇದೆ. ಒಂದು ಪಿಸ್ತೂಲಿಗೆ ಸುರಿಯಲು ಹೊರಟ ದುಡ್ಡನ್ನು ನಾಲ್ಕು ಜನ ಒಟ್ಟು ಮಾಡಿದರೆ ಎರಡು ಏರ್ ಪಿಸ್ತೂಲಿನಿಂದ ಶುರು ಮಾಡಬಹುದು. ಹೆಣ್ಣುಮಕ್ಕಳೂ ಬರುತ್ತಾರೆ, ಬರಲಿ. ಕಡೂರಿನಲ್ಲಿ ಮುಂದೆ ಬರುವವರಿದ್ದರೆ ಭಾನುವಾರಗಳಂದು ಬಂದು ಹೇಳಿಕೊಡಲು ನಾನು ಸಿದ್ಧ. ತರೀಕೆರೆ, ಅಜ್ಜಂಪುರದವರು ಕರೆದರೂ ಬರುತ್ತೇನೆ. ಅರ್ಜಿ ನಮೂನೆ ತುಂಬುವ ಮುನ್ನ ಈ ಪತ್ರವನ್ನು ಮನೆಯವರ ಎದುರಿಗೆ ಒಮ್ಮೆ ಓದಿ, ತಾಯಿಯನ್ನೂ ಹೆಂಡತಿಯನ್ನೂ ಕೇಳಿ. ಅವರು ಬೇಡ ಎಂದರೆ ದಯವಿಟ್ಟು ಅರ್ಜಿ ಹಾಕಬೇಡಿ.

ಇತಿ ನಿಮ್ಮ ವಿಶ್ವಾಸಿ,
ಲಿಂಗದಹಳ್ಳಿ ಹೋಬಳಿಯ ಒಬ್ಬ ಅಡಿಕೆ ಬೆಳೆಗಾರ
ತರೀಕೆರೆ ತಾಲ್ಲೂಕು